ಬಿಸಿಮರಳಿಗೆ ಎಳ್ಳೆಣ್ಣೆ

ಅಭ್ಯಂಜನದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಹುಟ್ಟಿ, ಪ್ರತಿ ದೀಪಾವಳಿಗೂ ಅಜ್ಜಿಯ ಕೈಯಲ್ಲಿ ಎಣ್ಣೆ ತಟ್ಟಿಸಿಕೊಂಡು ಬೆಳೆದವನು ನಾನು. ಸಿಡ್ನಿಯ ಗಿರಾವೀನ್‌ನಲ್ಲಿ ಮನೆ ಮಾಡಿದ ಮೇಲೂ ಆ ಪದ್ಧತಿ ಬಿಟ್ಟಿಲ್ಲ. ಹೀಗಾಗಿ, ಜಪಾನಿನ ಇಬುಸುಕಿ ಎಂಬ ಊರಿನ ಕಡಲತೀರದಲ್ಲಿ ಜನರನ್ನು ಬಿಸಿಮರಳಿನೊಳಗೆ ಕುತ್ತಿಗೆವರೆಗೆ ಹೂಳಿ ಬೆವರಿಳಿಸುತ್ತಾರೆ ಎಂದು ತಿಳಿದಾಗ, ಆ ಸ್ನಾನದ ಏಕೈಕ ಲೋಪವನ್ನು ತಕ್ಷಣ ಪತ್ತೆಹಚ್ಚಿದೆ. ಅವರು ಎಣ್ಣೆ ಹಚ್ಚುವುದಿಲ್ಲ!

ಹೊರಟಿದ್ದು ನನ್ನ ಹೆಂಡತಿ ಸುಮಿತ್ರಾಳ ಮಂಡಿನೋವಿಗಾಗಿ. ನಮ್ಮ ದೇವರಕೋಣೆ ಮಹಡಿಯ ಮೇಲಿದೆ. ಕೆಲವು ತಿಂಗಳಿಂದ ಅವಳು ಮೆಟ್ಟಿಲ ಕೆಳಗೇ ನಿಂತು ಕೈಮುಗಿಯುತ್ತಿದ್ದಳು. ಮರಳಿನ ಶಾಖಕ್ಕೆ ನೋವು ಇಳಿದೀತೆಂದು ಮಗಳು ನಮ್ಮ ಜಪಾನ್ ಪ್ರವಾಸಕ್ಕೆ ಈ ಊರನ್ನೂ ಸೇರಿಸಿದಳು. ಅಲ್ಲಿ ನಮಗಿದ್ದದ್ದು ಒಂದೇ ಸಂಜೆ.

ಹೋಟೆಲ್ ರೂಮಿನಲ್ಲಿ ನಾನು ಸಿಡ್ನಿಯ ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ತಂದಿದ್ದ ಎಳ್ಳೆಣ್ಣೆಯ ಬಾಟಲಿ ತೆಗೆದೆ.

"ರೀ, ಅವ್ರಿಗೆ ಅವ್ರದೇ ರೂಲ್ಸ್ ಇರತ್ತೆ. ಸುಮ್ನೆ ಬನ್ನಿ," ಎಂದಳು ಸುಮಿತ್ರಾ.

"ಅವ್ರಿಗೆ ಮರಳು ಗೊತ್ತು ಕಣೇ, ಎಣ್ಣೆ ಗೊತ್ತಿಲ್ಲ!"

ನೆತ್ತಿಯಿಂದ ಅಂಗಾಲಿನವರೆಗೆ ಧಾರಾಳವಾಗಿ ಹಚ್ಚಿಕೊಂಡೆ. ಅವಳು ಮಾತ್ರ ಬಾಟಲಿಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ.

ಕಡಲತೀರದ ಮರಳುಸ್ನಾನದ ಕೇಂದ್ರದಲ್ಲಿ ಇಬ್ಬರಿಗೂ ಹತ್ತಿಯ ನಿಲುವಂಗಿ ಕೊಟ್ಟರು. "ಮೊದ್ಲು ನಾನು ಪರೀಕ್ಷೆ ಮಾಡ್ತೀನಿ. ನೀನು ಆಮೇಲೆ ಮಲಕ್ಕೋ," ಎಂದು ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿ ನಾನು ಮರಳಿನ ಮೇಲೆ ಮಲಗಿದೆ. ಸಲಿಕೆ ಹಿಡಿದ ಇಬ್ಬರು ಹೆಂಗಸರು ಮರಳು ಹೊದಿಸಿದರು.

ಮೊದಮೊದಲು ಸ್ವರ್ಗ! ಆಮೇಲೆ ಎಣ್ಣೆ ಕಾಯಿತು. ಬಾಣಲೆಗೆ ಬಿದ್ದ ಬಜ್ಜಿಯ ಕಷ್ಟ ನನಗೆ ಅಂದು ಅರ್ಥವಾಯಿತು. "ಅಯ್ಯಯ್ಯೋ, ಸುಮಿ!" ಎಂದು ಕೂಗುತ್ತ ಮರಳು ಸೀಳಿಕೊಂಡು ಎದ್ದೆ. ಆದರೆ ಮರಳು ನನ್ನನ್ನು ಬಿಡಲಿಲ್ಲ. ಅಂಗಿಯ ಮೇಲೆ, ತೋಳಿನ ಮೇಲೆ, ಕಿವಿಯ ಒಳಗೆ, ಎಲ್ಲೆಲ್ಲೂ ಕಪ್ಪು ಮರಳಿನ ಗಟ್ಟಿ ಲೇಪ! ಅಕ್ಕಪಕ್ಕ ಹೂತುಕೊಂಡಿದ್ದವರು ಕುತ್ತಿಗೆ ತಿರುಗಿಸಿ ನೋಡಿದರು. ಪಾಪ, ಅವರಿಗೆ ಓಡುವ ಅವಕಾಶವೂ ಇರಲಿಲ್ಲ.

ಗಾಬರಿಯಲ್ಲಿ ಗಂಡಸರ ಬಿಸಿನೀರಿನ ತೊಟ್ಟಿಗೆ ನುಗ್ಗಿದೆ. ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ಹರಡಿತು. ಅಲ್ಲಿದ್ದ ಮುದುಕರು ಒಬ್ಬೊಬ್ಬರಾಗಿ ಎದ್ದು, ನನಗೆ ತಲೆಬಾಗಿ, ಹೊರಗೆ ನಡೆದರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು!

ಹೊರಗೆ ಬಂದಾಗ ಸಲಿಕೆ ಹಿಡಿದಿದ್ದ ಹೆಂಗಸರಲ್ಲಿ ಒಬ್ಬಳು ಮೊಬೈಲಿನಲ್ಲಿ ಅನುವಾದ ಮಾಡಿ ತೋರಿಸಿದಳು: "ದಯವಿಟ್ಟು ಕ್ಷಮಿಸಿ. ಎಣ್ಣೆಯಾದ ಮರಳನ್ನು ಬಗೆದು ತೆಗೆಯಬೇಕು. ಇವತ್ತಿಗೆ ಮುಚ್ಚಿದ್ದೇವೆ."

ತಪ್ಪು ನನ್ನದು, ಕ್ಷಮೆ ಅವರದ್ದು!

ಸುಮಿತ್ರಾಳ ಅಂಗಿ ಇನ್ನೂ ಇಸ್ತ್ರಿ ಕೆಡದೆ ಹಾಗೇ ಇತ್ತು. ಅದನ್ನು ನೀಟಾಗಿ ಮಡಚಿ ವಾಪಸ್ ಕೊಟ್ಟು, ಕುಂಟುತ್ತ ಬಂದು ಬೆಂಚಿನ ಮೇಲೆ ಕೂತಳು.

"ನಾಳೆ ಬೆಳಗ್ಗೆ..." ಎಂದೆ.

"ನಾಳೆ ಬೆಳಗ್ಗೆ ಫ್ಲೈಟು," ಎಂದಳು.

ಅಷ್ಟು ದೂರ ಬಂದು ಅವಳ ಕಾಲಿಗೆ ಒಂದು ಹಿಡಿ ಬೆಚ್ಚನೆಯ ಮರಳೂ ಸೋಕಲಿಲ್ಲ. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೆ ಅಲ್ಲಿಯ ಭೂಮಿಯೂ ನನ್ನನ್ನು ಒಳಗೆ ಸೇರಿಸುವ ಸ್ಥಿತಿಯಲ್ಲಿರಲಿಲ್ಲ.

ಗಿರಾವೀನ್‌ಗೆ ಬಂದ ಮೇಲೆ ಪಕ್ಕದ ಮನೆಯ ರಶ್ಮಿ ವಿಚಾರಿಸಿದಳು. "ಆಂಟಿ, ಸ್ಯಾಂಡ್ ಬಾತ್ ಹೇಗಿತ್ತು? ಮಂಡಿ ಈಗ ಬೆಟರಾ?"

"ಮಂಡಿ ಹಾಗೇ ಇದೆ ಕಣಮ್ಮ. ಅಂಕಲ್ ಚರ್ಮ ಮಾತ್ರ ಫಳಫಳ ಅಂತಿದೆ, ನೋಡು."

ರಶ್ಮಿ ಹೋದ ಮೇಲೆ ಸುಮಿತ್ರಾ ಹಣ್ಣು ಹೂವಿನ ತಟ್ಟೆ ಹಿಡಿದು, ಏನಾದರಾಗಲಿ ಎಂದು ಮೆಟ್ಟಿಲು ಹತ್ತತೊಡಗಿದಳು. ಒಂದೊಂದಕ್ಕೂ ನಿಲ್ಲುತ್ತಿದ್ದಳು. ನಾನು ಹಿಂದೆ ಓಡಿ, "ಎಡಗಾಲು ಮೊದ್ಲು ಇಟ್ರೆ..." ಎಂದು ಶುರುಮಾಡಿದೆ.

ಅವಳು ತಿರುಗಿ ನೋಡಿದಳು.

"ಸಲಹೆ ಬೇಡ. ತಟ್ಟೆ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಮೂವತ್ತು ವರ್ಷ ಎಂಜಿನಿಯರ್ ಆಗಿದ್ದವನಿಗೆ ಕೊನೆಗೂ ಯೋಗ್ಯತೆಗೆ ತಕ್ಕ ಕೆಲಸ ಸಿಕ್ಕಿತು!