ಕೈ ಕಟ್ಟಿ ಕೂತ ಅತ್ತೆ

ನನ್ನ ಸೋದರತ್ತೆಯಷ್ಟು ಸೋಮಾರಿ ಶಿಕ್ಷಕಿ ಇಡೀ ಪುಣೆಯಲ್ಲಿ ಇನ್ನೊಬ್ಬರಿರಲಿಲ್ಲ! ಖಡಕಿ ಬಡಾವಣೆಯ ತಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಅವರು ಮಾಂಟೆಸ್ಸರಿ ಶಾಲೆ ನಡೆಸುತ್ತಿದ್ದರು. ನಡೆಸುತ್ತಿದ್ದರು ಎನ್ನಬಹುದೇ? ಮೂರು-ನಾಲ್ಕು ವರ್ಷದ ಮಕ್ಕಳು ತಾವೇ ಚಾಪೆ ಹಾಸುವರು, ಹೂಜಿಯಿಂದ ಲೋಟಕ್ಕೆ ನೀರು ಸುರಿಯುವರು, ಬೇಳೆ ಆರಿಸುವರು. ಅತ್ತೆ ಮೂಲೆಯ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತು ನೋಡುವರು. ಬೇಕಾದರೆ ಮಕ್ಕಳೇ ಅವರಿಗೆ ಹಾಜರಿ ಹಾಕಬಹುದಿತ್ತು!

ನೀರು ಚೆಲ್ಲಿದರೆ ಚೆಲ್ಲಿದ ಮಗುವೇ ನೆಲ ಒರೆಸಬೇಕು. ಒಮ್ಮೆ ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದ ತಂದೆಯೊಬ್ಬರು ಅದನ್ನು ಕಂಡು ಕೆಂಡವಾದರು.

"ನನ್ನ ಮಗ ಫರ್ಶಿ ಒರಸ್ಲಿಕ್ಕೆ ಬಂದಾನೇನ್ರಿ?"

"ಮನ್ಯಾಗ ನೀವು ಒರಸ್ತೀರೇನ್ರಿ?"

"ಇಲ್ರಿ."

"ಹಂಗಾರ ನಿಮ್ಮನ್ನ ನೋಡಿ ಕಲಿಯೂದು ಆಗೂದಿಲ್ಲ. ಇಲ್ಲೇ ಕಲೀಲಿ ಬಿಡ್ರಿ."

ಮರುದಿನ ಅವರ ಹೆಂಡತಿ ಎರಡನೆಯ ಮಗನನ್ನೂ ತಂದು ಸೇರಿಸಿದರು!

ದೊಡ್ಡವರಿಗೂ ವಿನಾಯಿತಿ ಇರಲಿಲ್ಲ. ಒಮ್ಮೆ ಅತ್ತೆ ನಮ್ಮ ಮನೆಗೆ ಚಹಾಕ್ಕೆ ಬಂದಾಗ ನಾನು ಸಕ್ಕರೆ ಡಬ್ಬಿಗಾಗಿ ಅಡುಗೆಮನೆ ಜಾಲಾಡಿದೆ. ಡಬ್ಬಿ ಅವರ ಬೆನ್ನ ಹಿಂದೆಯೇ ಇತ್ತು.

"ಅತ್ತೀ, ಹೇಳಬಾರದಾ?"

"ಚಂದ ಹುಡುಕ್ಲಿಕತ್ತಿದ್ದಿ. ನಡುವ ನಾ ಯಾಕ ಬಾಯಿ ಹಾಕ್ಲಿ?"

ನನ್ನ ಮಗಳೂ ಅತ್ತೆಯ ಶಾಲೆಯಲ್ಲೇ ಓದುತ್ತಿದ್ದಳು. ಪಾಲಕರು ಸುಮ್ಮನೆ ಕೂತು ನೋಡುವ ದಿನ ಅವಳು ಗುಲಾಬಿ ಬಣ್ಣದ ಹತ್ತು ಕಟ್ಟಿಗೆ ತುಂಡುಗಳಿಂದ ಗೋಪುರ ಕಟ್ಟುತ್ತಿದ್ದಳು. ದೊಡ್ಡದು ಕೆಳಗೆ, ಚಿಕ್ಕದು ಮೇಲೆ. ಒಂದು ತುಂಡು ತಪ್ಪಿತು. ಅವಳು ಯೋಚಿಸುತ್ತಿದ್ದಳು, ನನಗೆ ತಡೆಯಲಾಗಲಿಲ್ಲ. ಕೈ ಚಾಚಿ ಸರಿಯಾದ ತುಂಡನ್ನು ಇಟ್ಟೇಬಿಟ್ಟೆ! ಮಗಳು ಗೋಪುರ ಬಿಟ್ಟು ಎದ್ದು ಹೋದಳು.

"ತಂಗಿ, ನೀ ಸ್ವಲ್ಪ ಹೊರಗ ಕೂಡು," ಎಂದರು ಅತ್ತೆ ನನಗೆ, ಎಲ್ಲ ಪಾಲಕರ ಎದುರಿಗೆ.

ಎಂ.ಎ. ಮಾಡಿದವಳು ಅಂಗಳದಲ್ಲಿ ಪುಟ್ಟ ಪುಟ್ಟ ಚಪ್ಪಲಿಗಳ ನಡುವೆ ಕೂತೆ. ಮುಂದಿನ ವಾರವೇ ಮಗಳನ್ನು ಬಿಡಿಸಿ ದೊಡ್ಡ ಶಾಲೆಗೆ ಹಾಕಿದೆ. ಕೇಳಿದವರಿಗೆಲ್ಲ, "ಇನ್ನೂ ಎ ಬಿ ಸಿ ಬರೋದಿಲ್ಲ ನೋಡ್ರಿ," ಎಂದೆ. ನೆನಪನ್ನು ನಂಬುವವಳಲ್ಲ, ಅದಕ್ಕೇ ದಿನಚರಿ ಬರೆಯುತ್ತೇನೆ. ಮೊನ್ನೆ ತೆಗೆದು ನೋಡಿದರೆ ಅಲ್ಲಿಯೂ ಎ ಬಿ ಸಿ ಅಂತಲೇ ಇದೆ! ಅಂಗಳದ ಸುದ್ದಿಯೇ ಇಲ್ಲ. ಬರೆಯುವಾಗಲೇ ಸುಳ್ಳು ಹೇಳಿದೆನೇ?

ಆ ಸುಳ್ಳಿಗೆ ಕಾಲು ಬಂದವು. "ಸ್ವಂತ ಅಣ್ಣನ ಮಗಳೇ ಬಿಡಿಸಿದಳಂತೆ" ಎಂದು ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿದರು. ಮರುವರ್ಷ ಮೂರೇ ಮಕ್ಕಳು ಉಳಿದು ಶಾಲೆ ಮುಚ್ಚಿತು. ಅತ್ತೆ ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಹೋದ ರವಿವಾರ ನಾನೇ ಹೋದೆ.

"ಅತ್ತೀ, ಎ ಬಿ ಸಿ ಬರೀ ನೆವ. ಸಿಟ್ಟಿಗೆ ಬಿಡಿಸಿದ್ದೆ. ನಿಮ್ಮ ಸಾಲಿ ಮುಚ್ಚಿಸಿದಾಕಿ ನಾನು."

"ಗೊತ್ತಿತ್ತವಾ," ಎಂದರು. "ನಾನೂ ಒಂದ ತಪ್ಪ ಮಾಡೀನಿ. ನಿನ್ನ ಮಗಳ್ನ ಬಿಡಿಸಿದ ಮ್ಯಾಲೆ, ಆ ದೊಡ್ಡ ಸಾಲಿ ಬಿಡೂ ಹೊತ್ತಿಗೆ ಅದರ ಗೇಟಿನ ಮುಂದ ಹೋಗಿ ನಿಂದರ್ತಿದ್ದೆ. ಒಂದ ದಿನ ಬೂಟಿನ ಲೇಸ್ ಬಿಚ್ಚೇದಂತ ಅಳ್ಲಿಕತ್ತಿದ್ಲು. ಹೋಗಿ ಕಟ್ಟಿಬಿಟ್ಟೆ."

ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು.

"ಕಟ್ಟಿಕೊಳ್ಳಾಕ ಆಕಿಗೆ ಬರ್ತಿತ್ತು. ಆದ್ರೂ ನಾನ ಕಟ್ಟಿದೆ."