ಅಜ್ಜಿ ಎರಡನೇ ಸಲ ಕೇಳಲಿಲ್ಲ

ಈ ಭಾನುವಾರ ಸಂಜೆಯೊಳಗೆ ರಾಕ್ಷಸನನ್ನು ಕೊಂದು, ರಾಜ್ಯವನ್ನು ಉಳಿಸಿ, ಆಮೇಲೆ ಹೊಸಬರಿಗೆಂದು ಹತ್ತು ಸಲಹೆ ಬರೆದು ಕನ್ನಡ ಸಂಘದ ಪತ್ರಿಕೆಗೆ ಕೊಟ್ಟೇಬಿಡುವುದೆಂದು ಗೋಪಿನಾಥರು ತೀರ್ಮಾನಿಸಿದರು. ರಾಜ್ಯವಿದ್ದದ್ದು ಕಂಪ್ಯೂಟರಿನಲ್ಲಿ. ಕಂಪ್ಯೂಟರಿದ್ದದ್ದು ಪರದೇಶದ ದ್ವೀಪವೊಂದರ ಬೂನ್ ಲೇ ಬಡಾವಣೆಯ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ, ಹೆಂಡತಿ ಅನಸೂಯ ಅವರ ಹೊಲಿಗೆ ಮೆಷಿನ್ನನ್ನು ಮೂಲೆಗೆ ತಳ್ಳಿ ಗೆದ್ದುಕೊಂಡ ಜಾಗದಲ್ಲಿ!

ತೊಂಬತ್ತೇಳರ ಅಕ್ಟೋಬರ್. ಆಟದ ಸಿ.ಡಿ. ಕೊಟ್ಟವರು ಪಕ್ಕದ ಬ್ಲಾಕಿನಲ್ಲಿದ್ದ, ಗೋಪಿನಾಥರ ಆಫೀಸಿನವರೇ ಆದ ದ್ವಾರಕನಾಥ್. ಇದು ಢಂ ಢಂ ಎಂದು ಗುಂಡು ಹಾರಿಸುವ ಆಟವಲ್ಲ, ಕಥೆಯ ಆಟ. ನಾಯಕ ನಾವೇ. ಊರೂರು ಅಲೆದು ಸಿಕ್ಕವರನ್ನು ಮಾತಾಡಿಸಬೇಕು. ಅವರೇನಾದರೂ ಕೇಳಿದರೆ ಪರದೆಯ ಮೇಲೆ ಮೂರು ಉತ್ತರ ಮೂಡುತ್ತವೆ; ನಮ್ಮ ಗುಣಕ್ಕೆ ಒಪ್ಪುವುದನ್ನು ಒತ್ತಿದರೆ ಕಥೆ ಆ ಕಡೆಗೆ ತಿರುಗುತ್ತದೆ. ಮೂರು ವಾರ ಆಡಿದ್ದೇ ತಡ, ಗೋಪಿನಾಥರು ತಮ್ಮನ್ನು ಈ ಶಾಸ್ತ್ರದ ಆಚಾರ್ಯರೆಂದೇ ನಂಬಿಬಿಟ್ಟಿದ್ದರು.

“ಕೇಳಿಲ್ಲಿ ಅನಸೂಯ. ಮೊದಲನೇ ಸಲಹೆ: ಸಿಕ್ಕವರನ್ನೆಲ್ಲ ನಿಂತು ಮಾತಾಡಿಸಿ.”

ಅನಸೂಯ ಸೋಫಾ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. “ಎದುರು ಮನೆ ಆಂಟಿನ ಮೂರು ವರ್ಷದಿಂದ ಮಾತಾಡಿಸಿಲ್ಲ ನೀವು.”

“ಎರಡನೇದು: ಕಂಡ ಗಡಿಗೆ, ಡಬ್ಬಿ ಎಲ್ಲಾ ತೆಗೆದು ನೋಡಿ.”

“ನಮ್ಮನೇಲಿ ಸಕ್ಕರೆ ಡಬ್ಬಿ ಎಲ್ಲಿದೆ ಹೇಳಿ ನೋಡೋಣ! ಅದಿರ್ಲಿ, ಸೆಕ್ಷನ್ ಹೆಡ್ ವಿಷ್ಯ ಏನಾಯ್ತು?”

ಆಚಾರ್ಯರು ಕುರ್ಚಿ ತಿರುಗಿಸಿದರು. ಹನ್ನೊಂದು ವರ್ಷದಿಂದ ಕಾಯುತ್ತಿದ್ದ ಪಟ್ಟ ಅದು. ದ್ವೀಪದ ಇನ್ನೊಂದು ತುದಿಯ ಉಬಿಯಲ್ಲಿದ್ದ ಆಫೀಸಿನಲ್ಲಿ ಬಾಸ್ ಮಿಸ್ಟರ್ ಲಿಮ್ ಶುಕ್ರವಾರ ತಾವಾಗಿಯೇ ಕರೆದು, “ಗೋಪಿ, ನೀವು ಸೆಕ್ಷನ್ ಹೆಡ್ ಆಗ್ತೀರಾ?” ಎಂದು ಕೇಳಿಯೂ ಆಗಿತ್ತು.

“ಕೇಳಿದ್ರು. ‘ಅಯ್ಯೋ ಬೇಡಿ ಸರ್, ನನಗಿಂತ ಸಮರ್ಥರು ಎಷ್ಟೋ ಜನ ಇದ್ದಾರೆ’ ಅಂದೆ.”

ಬೀನ್ಸಿನ ತಟ್ಟೆ ನೆಲಕ್ಕೆ ಬಿತ್ತು. “ಬೇಡ ಅಂದ್ರಾ?”

“ಕೇಳಿದ ತಕ್ಷಣ ಹೂಂ ಅಂದ್ರೆ ಮರ್ಯಾದೆ ಏನುಳಿಯುತ್ತೆ? ನಿನ್ನ ನೋಡೋಕೆ ಬಂದಾಗ ನಿಮ್ಮಮ್ಮ ಕೇಸರಿಬಾತ್ ತಂದ್ರು. ಬೇಡ ಅಂದೆ. ಮತ್ತೆ ಕೇಳಿದ್ರು. ಬೇಡ್ವೇ ಬೇಡ ಅಂದೆ. ಮೂರನೇ ಸಲ ಕೇಳದೆ ಬಡಿಸಿಯೇಬಿಟ್ರು. ಮೂರು ತಟ್ಟೆ ತಿಂದೆ. ಮದುವೆ ನಿಂತುಹೋಯ್ತಾ? ಸೋಮವಾರ ಲಿಮ್ ಮತ್ತೆ ಕೇಳ್ತಾರೆ, ನೋಡ್ತಿರು!”

ಇಷ್ಟು ಹೇಳಿ ಅವರು ಮತ್ತೆ ರಾಜ್ಯಭಾರಕ್ಕೆ ತಿರುಗಿದರು. ರಾಕ್ಷಸನ ಗುಹೆ ಹತ್ತಿರವಾಗಿತ್ತು. ದಾರಿಯಲ್ಲೊಂದು ಗುಡಿಸಲು, ಬಾಗಿಲಲ್ಲಿ ಒಬ್ಬ ಅಜ್ಜಿ. “ಮಗು, ಈ ದೀಪ ತಗೊಂಡು ಹೋಗ್ತೀಯಾ?” ಎಂದಳು ಅಜ್ಜಿ. ಮೂರು ಉತ್ತರ ಮೂಡಿದವು: “ಕೊಡು ಅಜ್ಜಿ.” “ಎಷ್ಟಕ್ಕೆ ಕೊಡ್ತೀಯ?” “ಬೇಡ ಅಜ್ಜಿ, ನಿನಗೇ ಇರಲಿ.”

ಸಂಸ್ಕಾರವಂತರು ಯಾವುದನ್ನು ಒತ್ತುತ್ತಾರೆ? ಗೋಪಿನಾಥರು ಮೂರನೆಯದನ್ನು ಒತ್ತಿ, ಕೈಕಟ್ಟಿ ಕಾದರು. ಅಜ್ಜಿ “ಸರಿ ಮಗು” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು!

ಒಳಗಿಂದ ತರುತ್ತಾಳೇನೋ ಎಂದುಕೊಂಡು, ದಿನದಂತೆ ಆಟವನ್ನು ಅಲ್ಲಿಗೇ ಸೇವ್ ಮಾಡಿ, ಬಾಗಿಲು ತಟ್ಟಿದರು. “ಇವತ್ತು ಗಾಳಿ ಚೆನ್ನಾಗಿ ಬೀಸ್ತಿದೆ” ಎಂದಳು ಅಜ್ಜಿ. ಇಪ್ಪತ್ತೆರಡು ಸಲ ತಟ್ಟಿದರು. ಇಪ್ಪತ್ತೆರಡು ಸಲವೂ ಗಾಳಿಯೇ ಬೀಸಿತು. ದೀಪವಿಲ್ಲದೆ ಗುಹೆಗೆ ನುಗ್ಗಿದ ನಾಯಕ, ರಾಕ್ಷಸನ ಮುಖವನ್ನೂ ನೋಡದೆ ಮೊದಲ ಹಳ್ಳಕ್ಕೆ ಬಿದ್ದು ಸತ್ತ.

ದ್ವಾರಕನಾಥರಿಗೆ ಫೋನ್ ಹೋಯಿತು.

“ಬೇಡ ಅಂದ್ರಾ? ಅಜ್ಜಿ ಕೇಳೋದು ಒಂದೇ ಸಲ ಕಣ್ರೀ! ಇರ್ಲಿ, ಅಜ್ಜಿಗಿಂತ ಹಿಂದಿನ ಸೇವ್‌ನಿಂದ ಶುರು ಮಾಡಿ.”

“ಹಿಂದಿನದು ಎಲ್ಲಿದೆ? ನಾನು ದಿನಾ ‘ಗೋಪಿ’ ಅನ್ನೋ ಒಂದೇ ಹೆಸರಲ್ಲಿ ಸೇವ್ ಮಾಡ್ತೀನಿ. ಹಳೇದು ಅಳಿಸಿಹೋಗುತ್ತೆ.”

“ಅಯ್ಯೋ ದೇವ್ರೇ! ಹಾಗಾದ್ರೆ ಹುಟ್ಟಿದಲ್ಲಿಂದ ಶುರು ಮಾಡಿ. ಬೇಜಾರು ಮಾಡ್ಕೋಬೇಡಿ, ನಾಳೆ ಆಫೀಸಿಗೆ ಮೈಸೂರ್ ಪಾಕ್ ತರ್ತಿದೀನಿ.”

“ಏನು ವಿಶೇಷ?”

“ನಾಳೆ ಹೇಳ್ತೀನಿ ಬಿಡಿ.”

ಗೋಪಿನಾಥರು ಫೋನ್ ಇಟ್ಟರು. ಆಟ ಸೇವ್ ಮಾಡಿದಲ್ಲಿಗೇ ಮರಳಿ, ಪರದೆಯ ಮೇಲೆ ಮತ್ತೆ ಅಜ್ಜಿಯ ಮುಚ್ಚಿದ ಬಾಗಿಲಿತ್ತು. ಅದು ಎಲ್ಲೋ ಕಂಡ ಬಾಗಿಲಿನ ಹಾಗಿದೆಯಲ್ಲ ಎಂದು ಅವರಿಗೆ ಮೆಲ್ಲಗೆ ಅನ್ನಿಸತೊಡಗಿತು.

“ರೀ,” ಎಂದರು ಅನಸೂಯ, “ನೀವು ಬೇಡ ಅಂದ್ಮೇಲೆ ಲಿಮ್ ಏನಂದ್ರು?”

“ಓಕೆ ಲಾ, ಅಂದ್ರು.”

“ಆಮೇಲೆ?”

“ಆಮೇಲೆ... ಇವತ್ತು ಏ.ಸಿ. ತುಂಬಾ ತಣ್ಣಗಿದೆ ಅಲ್ವಾ, ಅಂದ್ರು.”

ಸೋಮವಾರ ಅವರು ಮೊದಲ ಟ್ರೇನ್ ಹಿಡಿದು, ದ್ವೀಪದ ಆ ತುದಿಯಿಂದ ಈ ತುದಿಯವರೆಗೆ “ಯೆಸ್ ಸರ್” ಎಂಬ ಮಂತ್ರ ಜಪಿಸುತ್ತಲೇ ಬಂದರು. ಲಿಮ್ ಕ್ಯಾಬಿನ್ನಿಗೆ ಬರುವುದಕ್ಕೂ ಇವರು ಬಾಗಿಲಲ್ಲಿ ನಿಂತಿರುವುದಕ್ಕೂ ಸರಿಹೋಯಿತು.

“ಆ, ಗೋಪಿ! ನಿಮ್ಮನ್ನೇ ಒಂದು ಮಾತು ಕೇಳಬೇಕಿತ್ತು. ನೀವು...”

“ಯೆಸ್ ಸರ್!”

“ನಾನಿನ್ನೂ ಕೇಳಿಲ್ಲ.”

“ಯೆಸ್ ಸರ್! ಖಂಡಿತ ಯೆಸ್!”

ಲಿಮ್ ಕೈ ಕುಲುಕಿದರು. “ವೆರಿ ಗುಡ್ ಲಾ! ಮುಂದಿನ ವಾರ ದೀಪಾವಳಿ ರಜೆಯ ದಿನ ಜಪಾನಿನಿಂದ ಹೊಸ ಮೆಷಿನ್ ಬರ್ತಿದೆ. ಇಳಿಸ್ಕೊಳ್ಳೋಕೆ ಇಲ್ಲಿ ಒಬ್ಬರು ಇರ್ಬೇಕು. ಹಬ್ಬ ಅಂತ ಯಾರೂ ಒಪ್ಪಿರಲಿಲ್ಲ.”

“ಸರ್, ಆ ಸೆಕ್ಷನ್ ಹೆಡ್...”

“ಅದಾ? ನೀವು ಬೇಡ ಅಂದ್ರಲ್ಲ, ಶುಕ್ರವಾರವೇ ದ್ವಾರಕನಾಥ್‌ನ ಕೇಳಿದೆ. ನಾನು ಬಾಯಿ ಮುಚ್ಚೋದರೊಳಗೆ ಯೆಸ್ ಅಂದ್ರು!”

ಸಂಜೆ ಗೋಪಿನಾಥರು ಎರಡು ತುಂಡು ಮೈಸೂರ್ ಪಾಕಿನೊಂದಿಗೆ ಮನೆಗೆ ಬಂದು, ಆಫೀಸಿನ ಕಥೆಯನ್ನೆಲ್ಲ ಹೆಂಡತಿಗೆ ಒಪ್ಪಿಸಿದರು. ಸಲಹೆಯ ಪುಸ್ತಕ ತೆಗೆದು ಬರೆದದ್ದನ್ನೆಲ್ಲ ಹೊಡೆದುಹಾಕಿದರು. ಅನಸೂಯ ಎದ್ದು ಒಳಗೆ ಹೋದರು. ಕೊನೆಗೆ ಅಡುಗೆಮನೆಯಿಂದ ದನಿ ಬಂತು: “ಕಾಫಿ ಕುಡೀತೀರಾ?”

ಗೋಪಿನಾಥರು ಬಾಯಿ ತೆರೆದರು. ಬೇಡ ಎಂದರೆ ಬಾಗಿಲು ಮುಚ್ಚುತ್ತದೆ. ಹೂಂ ಎಂದರೆ ಇನ್ನೇನು ತಲೆಗೆ ಬರುತ್ತದೋ! ಬಾಯಿ ಮುಚ್ಚಿದರು.

“ತಾಳು, ಮೊದ್ಲು ಸೇವ್ ಮಾಡ್ಕೋತೀನಿ.”

“ನಿಮ್ಮನ್ನ ಅಂದು ಏನು ಪ್ರಯೋಜನ,” ಎಂದರು ಅನಸೂಯ, ಲೋಟವನ್ನು ಕುಕ್ಕಿ. “ತಪ್ಪೆಲ್ಲಾ ನಮ್ಮಮ್ಮಂದು.”

“ಅವರೇನು ಮಾಡಿದ್ರು ಪಾಪ?”

“ಆವತ್ತು ಕೇಸರಿಬಾತ್ ಬೇಕಾ ಅಂತ ಒಂದೇ ಸಲ ಕೇಳಿ, ಒಳಗೆ ಹೋಗಿ ಬಾಗಿಲು ಹಾಕ್ಕೋಬೇಕಿತ್ತು!”