ಭಾವನ ಮೂರು ಹಡಗು, ಒಂದು ಮಿಳ್ಳೆ ತುಪ್ಪ

ಇವತ್ತು ಬೆಳಿಗ್ಗೆಯಿಂದ ನಾನು ಮಾಡಿದ ಕೆಲಸಗಳು: ನಲ್ಲಿ ನೀರು ಬರುವ ಹೊತ್ತಿಗೆ ಎದ್ದು ಡ್ರಮ್ ತುಂಬಿಸಿದೆ. ಹಾಲು ಕಾಯಿಸಿದೆ. ಬಾಗಿಲಿಗೆ ರಂಗೋಲಿ ಎಳೆದೆ. ಬಾಳೆ ಎಲೆ ಒರೆಸಿ, ಹರಿದದ್ದನ್ನು ಬೇರೆ ಎತ್ತಿಟ್ಟೆ. ಹೆಸರುಬೇಳೆ ನೆನೆಹಾಕಿ, ಹುರುಳಿಕಾಯಿ ಹೆಚ್ಚಿ, ಹುಳಿಗೆ ರುಬ್ಬಿ, ಬೆಣ್ಣೆ ಕಾಯಿಸಿದೆ. ಇದರ ನಡುನಡುವೆ ನಮ್ಮ ಭಾವನಿಂದ ಏನಿಲ್ಲವೆಂದರೂ ಹತ್ತು ಸಲ ಬೈಸಿಕೊಂಡೆ.

ಮೂರು ಸಲ ಹಡಗು ಹತ್ತಿ ಬಂದು, ಸಮುದ್ರ ಹೇಗಿತ್ತು ಅಂದರೆ "ನೋಡ್ಲಿಲ್ಲ" ಎನ್ನುವ ಮನುಷ್ಯ ಪ್ರಪಂಚದಲ್ಲಿ ಒಬ್ಬರೇ ಇರುವುದು. ಅವರು ಚಾಮರಾಜಪೇಟೆಯಲ್ಲಿ, ನಮ್ಮ ಮನೆ ಮಹಡಿಯ ಮೇಲೆ ಇದ್ದಾರೆ. ನನ್ನ ಯಜಮಾನರ ಅಣ್ಣ. ನಲವತ್ತು ವರ್ಷ ಈ ಸುತ್ತಿನ ಛತ್ರಗಳಲ್ಲಿ ಮದುವೆ ಊಟ ಬಡಿಸುವವರ ತಂಡ ಕಟ್ಟಿಕೊಂಡಿದ್ದವರು. ಬಸವನಗುಡಿಯಲ್ಲಿ ಅವರ ಕೈಯಿಂದ ಅನ್ನ ಬಡಿಸಿಕೊಳ್ಳದೆ ಮದುವೆಯಾದವರು ಯಾರಾದರೂ ಇದ್ದರೆ, ಓಡಿಹೋಗಿ ಮದುವೆಯಾದವರೇ ಇರಬೇಕು.

ವಯಸ್ಸಾಗಿ ಛತ್ರ ಬಿಟ್ಟ ಮೇಲೆ ಗಾಂಧಿನಗರದ ಒಬ್ಬ ಟೂರಿನ ಮಾಲೀಕರು ಇವರನ್ನು ಹಿಡಿದರು. ಅವರು ನಮ್ಮ ಕಡೆಯವರನ್ನು ಗುಂಪುಗುಂಪಾಗಿ ವಿದೇಶದ ಹಡಗುಗಳಲ್ಲಿ ಸುತ್ತಿಸುತ್ತಾರೆ. ಜೊತೆಗೆ ಇಬ್ಬರು ಅಡುಗೆಯವರು, ಬಡಿಸಲು ಭಾವ. ರಾತ್ರಿ ನಮ್ಮವರ ಅಡುಗೆ, ಮಿಕ್ಕ ಹೊತ್ತು ಹಡಗಿನದೇ ಊಟ. ಹಾಗೆ ಆದದ್ದು ಮೂರು ಯಾತ್ರೆ, ಮೂರು ಬೇರೆಬೇರೆ ಕಂಪನಿಯ ಹಡಗು. ಹಡಗಿನ ಹೆಸರುಗಳು ಭಾವನಿಗೆ ಬೇಕಿಲ್ಲ. ಒಂದನೇದು, ಎರಡನೇದು, ಮೂರನೇದು. ಅಷ್ಟೆ.

ಒಂದನೇ ಹಡಗಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಬಡಿಸಿಕೊಳ್ಳುವ ಊಟ. ನೂರಾರು ಬಗೆ ಇತ್ತಂತೆ. ಆದರೆ "ಇನ್ನೊಂಚೂರು ಹಾಕ್ಲಾ" ಅಂತ ಕೇಳುವವರು ಒಬ್ಬರೂ ಇರಲಿಲ್ಲವಂತೆ. ಅದು ಊಟವೇ ಅಲ್ಲ, ರೇಷನ್ ಎನ್ನುವುದು ಭಾವನ ತೀರ್ಮಾನ. ಮೂರನೇ ಹಡಗಿನಲ್ಲಿ ಬಿಳಿ ಕೈಗವಸು ಹಾಕಿಕೊಂಡವನು ಮರದ ಮಣೆಯಷ್ಟು ದೊಡ್ಡ ತಟ್ಟೆ ತಂದು, ಅದರ ಮಧ್ಯೆ ಒಂದು ತುಂಡು ಕ್ಯಾರೆಟ್ ಇಟ್ಟು, ತಲೆಬಾಗಿ ಹೋದನಂತೆ. ಮಿಕ್ಕಿದ್ದು ಯಾವಾಗ ಬರುತ್ತೆ ಎಂದು ಭಾವ ಅರ್ಧ ಗಂಟೆ ಕಾದರು. ಅವನು ಬಂದು ತಟ್ಟೆ ಎತ್ತಿಕೊಂಡು ಹೋದ.

ಆದರೆ ನಿಜವಾಗಿ ಪ್ರಮಾದವಾದದ್ದು ಎರಡನೇ ಹಡಗಿನಲ್ಲಿ. ಅಲ್ಲಿ ಉದ್ದ ಮೇಜು, ಎಲ್ಲರೂ ಕೂತು ಊಟ. ಭಾವನಿಗೆ ಪ್ರಾಣ ಬಂದ ಹಾಗಾಯಿತು. ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವವರೆಗೂ ಯಾರೂ ಏಳಬಾರದು ಎಂದು ನಮ್ಮ ನಲವತ್ತು ಜನರಿಗೂ ಅಪ್ಪಣೆಯಾಯಿತು. ಮೇಜಿನ ಕೊನೆಯಲ್ಲಿ ಯಾವುದೋ ದೇಶದ ಒಬ್ಬ ಅಜ್ಜಿ ದ್ರಾಕ್ಷಿಯನ್ನು ಒಂದೊಂದಾಗಿ ಸಿಪ್ಪೆ ಬಿಡಿಸಿಕೊಂಡು ತಿನ್ನುತ್ತಿದ್ದರು. ನಲವತ್ತು ಜನ ಕೈ ಒಣಗಿಸಿಕೊಂಡು ಕಾದರು. ಇವರೆಲ್ಲ ತನ್ನನ್ನೇ ಯಾಕೆ ನೋಡುತ್ತಿದ್ದಾರೆ ಎಂದು ಅಜ್ಜಿ ಗಾಬರಿಯಾಗಿ ಇನ್ನೂ ನಿಧಾನ ಮಾಡಿದರು. ಅಷ್ಟರಲ್ಲಿ ದಡದ ಮೇಲೆ ಊರು ತೋರಿಸುವ ಬಸ್ಸು ಹೊರಟೇಹೋಗಿತ್ತು. ಜನ ಮಾಲೀಕರ ಮೇಲೆ ಹರಿಹಾಯ್ದರು. ಭಾವ ಮಾತ್ರ ಇವತ್ತಿಗೂ ಹೇಳುತ್ತಾರೆ: "ಊರು ಎಲ್ಲೋಗತ್ತೆ? ಆ ಅಜ್ಜಿ ಒಬ್ಬಳೇ ಕೂತು ತಿನ್ಬೇಕಿತ್ತಾ?"

ಮೂರೂ ಮುಗಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಹಡಗಿನ ಅಳತೆ. ಉಪ್ಪಿಟ್ಟು ತಡವಾದರೆ, "ಏನಮ್ಮಾ, ಮೂರನೇ ಹಡಗಾಯ್ತಲ್ಲ." ಸಂಪಿಗೆ ರಸ್ತೆಯ ಹೋಟೆಲಿನಲ್ಲಿ ನಿಂತು ದೋಸೆ ತಿನ್ನುವವರನ್ನು ಕಂಡರೆ, "ಪಾಪ, ಒಂದನೇ ಹಡಗಿನೋರು."

ನಗುವುದಕ್ಕೆ ಇಷ್ಟು ಸಾಕು. ಇವತ್ತು ಯಾರಿಗೂ ನಗು ಬರಲಿಲ್ಲ.

ನಾಲ್ಕನೇ ಹಡಗು ಮುಂದಿನ ತಿಂಗಳು. ಈ ಸಲ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು ಮಾಲೀಕರೇ ಹೇಳಿದ್ದರು. ಮನೆಯವರು ಅಂದರೆ ನಮ್ಮ ಅಕ್ಕ, ಭಾವನ ಹೆಂಡತಿ. ಊರಿನವರ ಮದುವೆಗೆಲ್ಲ ಗಂಡ ಬಡಿಸಿ ಬರುವಷ್ಟರಲ್ಲಿ ಮನೆಯಲ್ಲಿ ಒಬ್ಬರೇ ಕೂತು ಊಟ ಮಾಡಿ ಮುಗಿಸುತ್ತಿದ್ದ ಹೆಂಗಸು. ಹಡಗಿನಲ್ಲಿ ಕಾಲು ಜಾರುತ್ತದೆಂದು ಭಾವ ಕ್ಯಾನ್ವಾಸ್ ಶೂ ತಂದುಕೊಟ್ಟಿದ್ದಾರೆ. ಅಕ್ಕ ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ದಿನಾ ಮಹಡಿ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದರು.

ಅಷ್ಟರಲ್ಲಿ ದೂರು ಬಂತು. ಹೋದ ಸಲ ಯಾರದೋ ರೇಷ್ಮೆ ಸೀರೆ ಮೇಲೆ ಭಾವ ಸಾರು ಚೆಲ್ಲಿದ್ದರಂತೆ. ಹಡಗು ಅಲ್ಲಾಡಿತು ಎಂದು ಭಾವ ಹೇಳಿದರು. ನಾವೂ ಹೂಂ ಅಂದೆವು. ಆದರೆ ಅವರ ಕೈಯಲ್ಲಿ ಕಾಫಿ ಲೋಟವೂ ತುಳುಕುತ್ತಿತ್ತು. ಚಾಮರಾಜಪೇಟೆ ಅಲ್ಲಾಡುವುದಿಲ್ಲವಲ್ಲ!

ಮಾಲೀಕರು ಫೋನ್ ಮಾಡಿ, "ಭಾನುವಾರ ನಿಮ್ಮನೆಗೆ ಊಟಕ್ಕೆ ಬರ್ತೀನಿ, ನೀವೇ ಬಡಿಸ್ಬೇಕು" ಅಂದರು. ಯಾಕೆಂದು ನಮಗೆ ಬಿಡಿಸಿ ಹೇಳಬೇಕಿರಲಿಲ್ಲ.

ಆ ಭಾನುವಾರವೇ ಇವತ್ತು. ಭಾರವಿದ್ದರೆ ಕೈ ನಡುಗುವುದಿಲ್ಲ ಎಂಬುದನ್ನು ಭಾವ ಎಂದೋ ಕಂಡುಕೊಂಡಿದ್ದರು. ಅದಕ್ಕೇ ಮೂರು ಜನರ ಪಂಕ್ತಿಗೆ ಇಪ್ಪತ್ತು ಜನರಷ್ಟು ಅನ್ನ ಮಾಡಿಸಿದರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯವನ್ನೆಲ್ಲ ಅತಿಥಿಗಳು ಕೂರುವ ಮೊದಲೇ ನಾನು ಬಡಿಸಿಟ್ಟೆ. ಮಾಲೀಕರು, ಅವರ ಹೆಂಡತಿ, ನನ್ನ ಯಜಮಾನರು ಕೂತರು. ಭಾವ ತುಂಬಿದ ಅನ್ನದ ಬುಟ್ಟಿ ಹಿಡಿದು ಬಂದರು. ಕೈ ಕಲ್ಲಿನ ಹಾಗೆ ನಿಂತಿತ್ತು. ತೊವ್ವೆಯ ಬಕೆಟ್ಟು ಬಂತು. ಆಗಲೂ ಹಾಗೇ. ಅಡುಗೆಮನೆ ಬಾಗಿಲಲ್ಲಿ ಅಕ್ಕ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದರು. ನಾನು ನೀರಿನ ಲೋಟಗಳನ್ನು ಮತ್ತೆಮತ್ತೆ ತುಂಬಿಸುತ್ತಿದ್ದೆ.

ಉಳಿದದ್ದು ತುಪ್ಪ. ಎಲೆಗೆ ತುಪ್ಪ ಬೀಳುವವರೆಗೆ ನಮ್ಮಲ್ಲಿ ಯಾರೂ ಅನ್ನಕ್ಕೆ ಕೈ ಹಾಕುವುದಿಲ್ಲ. ಅದು ಭಾವನೇ ನಲವತ್ತು ವರ್ಷ ಕಾಯ್ದುಕೊಂಡು ಬಂದ ಕ್ರಮ. ತುಪ್ಪದ ಮಿಳ್ಳೆಗೆ ಭಾರವೆಂಬುದು ಎಲ್ಲಿದೆ? ಒಂದು ಬೆರಳಿನಷ್ಟು ಹಿತ್ತಾಳೆ.

ಭಾವ ಮಾಲೀಕರ ಎಲೆಯ ಮುಂದೆ ಬಗ್ಗಿದರು. ಮಿಳ್ಳೆ ಬಟ್ಟಲಿನ ಅಂಚಿಗೆ ಟಣಟಣ ಬಡಿಯತೊಡಗಿತು. ಅವರು ನೆಟ್ಟಗಾಗಿ, ಉಸಿರೆಳೆದುಕೊಂಡು ಮತ್ತೆ ಬಗ್ಗಿದರು. ಮತ್ತದೇ ಟಣಟಣ. ಮೂವರೂ ಎಲೆ ನೋಡುತ್ತಾ ಕೂತಿದ್ದರು. ಅನ್ನದ ಹಬೆ ಕಡಿಮೆಯಾಗುತ್ತಿತ್ತು. ಒಂದು ಹನಿ ಮಾಲೀಕರ ಮಣಿಕಟ್ಟಿನ ಮೇಲೆ ಬಿತ್ತು, ಎರಡನೆಯದು ನೆಲಕ್ಕೆ.

"ಬಿಡಿ, ತುಪ್ಪ ಡಾಕ್ಟರು ಬೇಡ ಅಂದಿದಾರೆ," ಅಂದರು ಮಾಲೀಕರು, ತಲೆ ಎತ್ತದೆ.

"ಸುಳ್ಳು ಹೇಳ್ಬೇಡಿ," ಅಂದರು ಭಾವ. "ನೋಡೋಕೆ ಬಂದ್ರಿ, ನೋಡಿದ್ರಿ. ಹೋದ್ಸಲ ಹಡಗು ಅಲ್ಲಾಡ್ಲಿಲ್ಲ. ನಾನೇ."

ಆಮೇಲೆ ಬಟ್ಟಲನ್ನು ಅಕ್ಕನ ಕಡೆ ಚಾಚಿದರು.

"ನನ್ನ ಬಿಟ್ಬಿಡಿ. ಇವಳನ್ನ ಕರ್ಕೊಂಡ್ಹೋಗಿ. ನನಗಿಂತ ಚೆನ್ನಾಗಿ ಬಡಿಸ್ತಾಳೆ. ಇದುವರೆಗೂ ಯಾರ್ಗೂ ಹೇಳಿರ್ಲಿಲ್ಲ, ಅಷ್ಟೆ."

ಅಕ್ಕ ಬಂದು ಬಟ್ಟಲು ತೆಗೆದುಕೊಂಡರು. ಮೂರು ಎಲೆಗೂ ನೂಲಿಳಿದ ಹಾಗೆ ತುಪ್ಪ ಇಳಿಯಿತು. ಆಮೇಲೇ ಮಾತಾಡಿದರು, ಯಾರ ಮುಖವನ್ನೂ ನೋಡದೆ. "ಇವ್ರಿಲ್ದೆ ನಾನು ಹೋಗಲ್ಲ. ಅಲ್ಲಿ ಊಟ ಹೇಗಿದೆ ಅಂತ ನನಗೆ ಯಾರು ಹೇಳ್ತಾರೆ?"

ಮಾಲೀಕರು ಅನ್ನ ಕಲಸಿ ಎರಡು ತುತ್ತು ತಿಂದರು. ಮೂರನೆಯ ತುತ್ತಿಗೆ ಅವರ ತೀರ್ಮಾನ ಬಂತು: ಅಕ್ಕ ಬಡಿಸಲು ಬರಲಿ, ಭಾವ ಪ್ರವಾಸಿಯಾಗಿ ಬರಲಿ. ಒಂದೇ ಷರತ್ತು, ಭಾವ ಮೇಜಿನಲ್ಲಿ ಕೂತು ಊಟ ಮಾಡಬೇಕು, ಬಕೆಟ್ಟು ಮುಟ್ಟಬಾರದು.

ಅವರು ಹೋದ ಮೇಲೆ ನೋಡಿದರೆ ಭಾವ ಬೆವರುತ್ತಿದ್ದರು. "ಕೂತು ಊಟ ಮಾಡೋದು ನನಗೆ ಬರಲ್ಲ ಕಣಮ್ಮಾ," ಅಂದರು ನನ್ನ ಹತ್ತಿರ, ಮೆಲ್ಲಗೆ. ನಿಜವೇ. ಮನೆಯಲ್ಲೂ ಅವರು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುವುದು. ಬಡಿಸುವವರ ರೂಢಿ ಅದು.

ಎಲೆ ಹಾಕಿ ಕೂರಿಸಿದೆವು. ಅಕ್ಕ ಹುಳಿ ತಂದಾಗ ಬಕೆಟ್ಟಿಗೆ ಕೈ ಚಾಚಿ ಎದ್ದರು. ಪಾಯಸ ತಂದಾಗ ಮತ್ತೆ ಎದ್ದರು. ಅಕ್ಕ ಅವರ ಭುಜ ಒತ್ತಿ ಕೂರಿಸಿ, "ಇನ್ನೊಂಚೂರು ಹಾಕ್ಲಾ?" ಅಂದರು. ಭಾವ ತಲೆ ಎತ್ತಿ ಅಕ್ಕನನ್ನೇ ನೋಡಿದರು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿದ್ದೇ ಇರಲಿಲ್ಲವೇನೋ. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಎರಡು ಅಗುಳು ಎಲೆಗೆ ಉದುರುತ್ತಿದ್ದವು. ನಾನು ಕಿಟಕಿ ನೋಡಿದೆ, ನನ್ನ ಯಜಮಾನರು ಪೇಪರ್ ನೋಡಿದರು.

ಭಾವ ತಿಂದದ್ದು ಅನ್ನ, ತೊವ್ವೆ, ಹುಳಿ, ಪಲ್ಯ, ಎರಡು ಸೌಟು ಪಾಯಸ. ಅಕ್ಕ ಅವರ ಪಕ್ಕದಲ್ಲೇ ಎಲೆ ಹಾಕಿಕೊಂಡು ಅಷ್ಟನ್ನೇ ತಿಂದರು. ಆಮೇಲೆ ನಡುಮನೆಯ ಚಾಪೆಯ ಮೇಲೆ ಮೊದಲು ನಿದ್ದೆ ಹೋದವರು ಭಾವ. ಬಲಗೈ ಎದೆಯ ಮೇಲಿತ್ತು. ನಿದ್ದೆಯಲ್ಲಿ ಅದು ನಡುಗುತ್ತಿರಲಿಲ್ಲ. ಅಕ್ಕ ಅದನ್ನೇ ನೋಡುತ್ತಾ ಬಹಳ ಹೊತ್ತು ಎದ್ದೇ ಕೂತಿದ್ದರು.